ಆದಾಯ ಸೊನ್ನೆ ಇರುವ ತಿಂಗಳ ಲೆಕ್ಕವನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಯುರೋಪಿನಲ್ಲಿ ಕಂಪನಿ ಶುರು ಮಾಡುವ ಬಗ್ಗೆ ಬಂದ ಲೇಖನ ಓದಿದೆ. ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು, ಎರಡನೇ ಸಲ ಸಿಟ್ಟು ಬಂತು. ಯಾವ ದೇಶದಲ್ಲಿ ತೆರಿಗೆ ಎಷ್ಟು, ನೋಂದಣಿಗೆ ಎಷ್ಟು ದಿನ ಅಂತ ಒಂದು ಪಟ್ಟಿ ಮಾಡಿ, ಎಸ್ಟೋನಿಯಾವನ್ನು ಮೊದಲು ಇಟ್ಟು, ಅದರ ಹಿಂದೆ ಹಂಗೇರಿ, ಐರ್ಲೆಂಡ್, ಬ್ರಿಟನ್ ಕೂರಿಸಿ, ಜರ್ಮನಿಯನ್ನು ಕೊನೆಯ ಬೆಂಚಿಗೆ ಕಳಿಸಿದ್ದೀರಿ. ನಾನು ಆ ಕೊನೆಯ ಬೆಂಚಿನಲ್ಲೇ ಕೂತವಳು. ಲೈಪ್‌ಜಿಗ್‌ನಲ್ಲಿ ನನ್ನದೊಂದು ಪುಟ್ಟ ಕಂಪನಿ ಇದೆ. ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾಡಿ ಮಾರುತ್ತೇವೆ. ಮೊದಲು ಒಬ್ಬಳೇ ಮಾಡುತ್ತಿದ್ದೆ, 2019ರಿಂದ ಪೋಲೆಂಡಿನ ಒಬ್ಬ ಗೆಳತಿ ಪಾಲುದಾರಳು. ಹಾಗಾಗಿ ಈ ಪತ್ರ ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ನನ್ನ ಸ್ವಂತ ಕತೆಗೆ ಹಾಕಿ, ಎಸ್ಟೋನಿಯಾದ ಭಾಗಕ್ಕೆ ಮಾತ್ರ ಹಾಕಬೇಡಿ.

ಮೊದಲು ಅದನ್ನೇ ಹೇಳಿಬಿಡುತ್ತೇನೆ. ಎಸ್ಟೋನಿಯಾ ಹೊರದೇಶದವರಿಗೆ ಕೊಡುವ ಡಿಜಿಟಲ್ ಗುರುತಿನ ಕಾರ್ಡ್, ಅಂದರೆ ಇ-ರೆಸಿಡೆನ್ಸಿ ಬಗ್ಗೆ ನೀವು ಬರೆದದ್ದರಲ್ಲಿ ಸುಳ್ಳಿಲ್ಲ. 2014ರ ಡಿಸೆಂಬರ್‌ನಲ್ಲಿ ಶುರುವಾಯಿತು, ಈಗ 1 ಲಕ್ಷಕ್ಕಿಂತ ಜಾಸ್ತಿ ಜನ ಆ ಕಾರ್ಡ್ ತೆಗೆದುಕೊಂಡಿದ್ದಾರೆ. ಚಿಪ್ ಇರುವ ಕಾರ್ಡ್, ಅದನ್ನು ಕಂಪ್ಯೂಟರ್‌ಗೆ ಚುಚ್ಚಿ ಸಹಿ ಹಾಕಿದರೆ ಕೈಬರಹದ ಸಹಿಯಷ್ಟೇ ಬೆಲೆ. ಕಂಪನಿ ನೋಂದಣಿ ಕೂತಲ್ಲೇ ಆಗುತ್ತದೆ. ಮೊದಲು 2500 ಯೂರೋ ಬಂಡವಾಳ ತೋರಿಸಬೇಕಿತ್ತು, 2023ರ ಫೆಬ್ರವರಿಯಿಂದ ಅದೂ ಇಲ್ಲ. ಲಾಭವನ್ನು ಕಂಪನಿಯಲ್ಲೇ ಬಿಟ್ಟರೆ ತೆರಿಗೆ ಸೊನ್ನೆ, ಹೊರಗೆ ತೆಗೆದಾಗ ಮಾತ್ರ ಕಟ್ಟಬೇಕು. ಎಲ್ಲ ಸರಿ. ಆದರೆ ನೀವು ಬಿಟ್ಟಿದ್ದು ಇಷ್ಟು: ಅದು ವೀಸಾ ಅಲ್ಲ. ಆ ಕಾರ್ಡ್ ಹಿಡಿದುಕೊಂಡು ಅಲ್ಲಿನ ರಾಜಧಾನಿ ಟಾಲಿನ್‌ಗೆ ಹೋಗಿ ಮನೆ ಮಾಡುವ ಹಾಗಿಲ್ಲ. ಎರಡನೆಯದು ಇನ್ನೂ ಮುಖ್ಯ. ಕಂಪನಿ ಕಾಗದದ ಮೇಲೆ ಎಸ್ಟೋನಿಯಾದಲ್ಲಿದ್ದು, ನೀವು ಬರ್ಲಿನ್‌ನಲ್ಲೋ ಪ್ಯಾರಿಸ್‌ನಲ್ಲೋ ಕೂತು ಅದನ್ನು ನಡೆಸಿದರೆ, ಅಲ್ಲಿನ ತೆರಿಗೆ ಕಚೇರಿ ಬಂದು ಈ ಕಂಪನಿಯ ತಲೆ ಇರುವುದು ನಮ್ಮ ಊರಲ್ಲಿ, ಹಾಗಾಗಿ ತೆರಿಗೆ ನಮಗೆ ಕಟ್ಟಿ ಅನ್ನುತ್ತದೆ. ನಿರ್ಧಾರಗಳು ಎಲ್ಲಿ ಆಗುತ್ತವೋ ಅಲ್ಲಿ ತೆರಿಗೆ, ಇದು ಬಹುತೇಕ ಎಲ್ಲ ಕಡೆಯ ಲೆಕ್ಕ. ಸೊನ್ನೆ ತೆರಿಗೆಯ ಆಸೆಗೆ ಹೋಗಿ ಎರಡು ದೇಶದ ಅಕೌಂಟೆಂಟ್‌ಗಳಿಗೆ ಫೀಸು ಕಟ್ಟುತ್ತಿರುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾರ್ಡಿನಿಂದ ಬ್ಯಾಂಕ್ ಖಾತೆಯೂ ತಾನಾಗಿಯೇ ಸಿಗುವುದಿಲ್ಲ. 2018ರಲ್ಲಿ ಡೆನ್ಮಾರ್ಕಿನ ಡಾನ್ಸ್‌ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಹಗರಣ ಹೊರಬಂತಲ್ಲ, ಸುಮಾರು 200 ಬಿಲಿಯನ್ ಯೂರೋ ಅನುಮಾನದ ಹಣ ಅಲ್ಲಿಂದ ಹಾದುಹೋಗಿತ್ತು. ಹಾಲು ಕುಡಿದು ಬಾಯಿ ಸುಟ್ಟುಕೊಂಡ ಮೇಲೆ ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಈಗ ಅಲ್ಲಿನ ಬ್ಯಾಂಕುಗಳು ಹೊರಗಿನವರನ್ನು ನೋಡುವ ರೀತಿ ಹಾಗಿದೆ.

ಎಸ್ಟೋನಿಯಾದಲ್ಲೂ ಲೆಕ್ಕ ನಿಂತಲ್ಲಿ ನಿಂತಿಲ್ಲ. 2024ರಲ್ಲಿ ವ್ಯಾಟ್, ಅಂದರೆ ನಮ್ಮ ಜಿಎಸ್‌ಟಿಯಂಥ ಮಾರಾಟ ತೆರಿಗೆ, 20 ಪರ್ಸೆಂಟ್‌ನಿಂದ 22ಕ್ಕೆ ಏರಿತು, 2025ರ ಜುಲೈಗೆ 24 ಆಯಿತು. ಲಾಭದ ಮೇಲಿನ ತೆರಿಗೆಯೂ 2025ರಲ್ಲಿ 20ರಿಂದ 22ಕ್ಕೆ ಹೋಯಿತು. ಪಕ್ಕದಲ್ಲಿ ರಷ್ಯಾ ಇದೆ, 2022ರ ಯುದ್ಧದ ನಂತರ ಸೈನ್ಯಕ್ಕೆ ಹಣ ಬೇಕು. ಅಂಗಡಿ ಇಡುವವನಿಗೆ ಯುದ್ಧದ ಉಸಾಬರಿ ಯಾಕೆ ಅಂತ ಕೇಳಬೇಡಿ. ಬಿಲ್ಲಿನ ಕೊನೆಯ ಸಾಲಿನಲ್ಲಿ ಅದು ಬಂದು ಕೂರುತ್ತದೆ.

ಇನ್ನು ನನ್ನ ಕತೆ. ಒಬ್ಬಳೇ ಕೆಲಸ ಮಾಡುವಾಗ ತೊಂದರೆ ಜಾಸ್ತಿ ಇರಲಿಲ್ಲ. ನಗರಪಾಲಿಕೆಯ ಕಚೇರಿಗೆ ಹೋಗಿ ಒಂದು ಪುಟದ ಫಾರ್ಮ್ ತುಂಬಿ, ಸಣ್ಣ ಶುಲ್ಕ ಕಟ್ಟಿದೆ, ಮುಗಿಯಿತು. ನನಗೆ ಆಗಲೇ ಕಾಯಂ ವಾಸದ ಪರವಾನಗಿ ಇತ್ತು, ಅದು ನನ್ನ ಪುಣ್ಯ. ಓದಿದ ಹೊರದೇಶದ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿಯಲ್ಲಿ ಕೆಲಸಕ್ಕೆ ಬಂದವರು ಪಕ್ಕದಲ್ಲಿ ಸಣ್ಣ ವ್ಯಾಪಾರ ಮಾಡಬೇಕಾದರೂ ವಿದೇಶಿಯರ ಕಚೇರಿಯ ಅನುಮತಿ ತೆಗೆದುಕೊಳ್ಳಬೇಕು, ಇದನ್ನು ಎಷ್ಟೋ ಜನ ಮರೆತು ಸಿಕ್ಕಿಹಾಕಿಕೊಳ್ಳುತ್ತಾರೆ. ಪುಸ್ತಕ ಕಟ್ಟುವುದು ಇಲ್ಲಿ ಕೈಕಸುಬಿನ ಪಟ್ಟಿಯಲ್ಲಿದೆ. ಕೈಕಸುಬು ಅಂದರೆ ಇಲ್ಲಿ ಸುಮ್ನೆ ಅಲ್ಲ, ಕೆಲವು ಕಸುಬುಗಳಿಗೆ ಮೈಸ್ಟರ್ ಅನ್ನುವ ಪರೀಕ್ಷೆ ಪಾಸಾಗದೆ ಅಂಗಡಿ ಬಾಗಿಲು ತೆರೆಯುವ ಹಾಗೇ ಇಲ್ಲ. 2004ರಲ್ಲಿ 53 ಕಸುಬುಗಳಿಗೆ ಆ ಷರತ್ತು ತೆಗೆದರು, ಅದರಿಂದ ನಾನು ಬಚಾವಾದೆ. 2020ರಲ್ಲಿ ಅದರಲ್ಲಿ 12 ಕಸುಬುಗಳಿಗೆ ವಾಪಸ್ ಹಾಕಿದರು. ಟೈಲ್ಸ್ ಹಾಕುವವರು ಆ ಹನ್ನೆರಡರಲ್ಲಿದ್ದಾರೆ. ಬೇರೆ ದೇಶದಲ್ಲಿ ಇಪ್ಪತ್ತು ವರ್ಷ ಟೈಲ್ಸ್ ಹಾಕಿದವನು ಇಲ್ಲಿ ಬಂದು ಸ್ವಂತ ಹೆಸರಿನಲ್ಲಿ ಅಂಗಡಿ ಇಡುತ್ತೇನೆ ಅಂದರೆ ಮೊದಲು ತನ್ನ ಅನುಭವಕ್ಕೆ ಕಾಗದ ತೋರಿಸಬೇಕು.

ಗೆಳತಿ ಸೇರಿದ ಮೇಲೆ ಜಿಎಂಬಿಎಚ್ ಮಾಡೋಣ ಅಂದುಕೊಂಡೆವು. ನಮ್ಮ ಪ್ರೈವೇಟ್ ಲಿಮಿಟೆಡ್ ಇದ್ದ ಹಾಗೆ. ಬಂಡವಾಳ 25,000 ಯೂರೋ, ಅದರಲ್ಲಿ ಅರ್ಧ, ಅಂದರೆ 12,500, ಮೊದಲೇ ಬ್ಯಾಂಕಿನಲ್ಲಿ ಇಡಬೇಕು. ದುಡ್ಡಿಲ್ಲದವರಿಗೆ ಅಂತ 2008ರಲ್ಲಿ ಯುಜಿ ಅನ್ನುವ ಒಂದು ಚಿಕ್ಕ ರೂಪ ತಂದರು, 1 ಯೂರೋದಿಂದ ಶುರು ಮಾಡಬಹುದು, ಆದರೆ ಪ್ರತಿ ವರ್ಷ ಲಾಭದ ಕಾಲು ಭಾಗ ಎತ್ತಿಡಬೇಕು, 25,000 ತುಂಬುವವರೆಗೆ. ನಾವು ಕಾಗದ ಕೊಡುವ ಸಗಟು ವ್ಯಾಪಾರಿಯನ್ನು ಕೇಳಿದೆವು. ಅವನು ನೇರವಾಗಿಯೇ ಹೇಳಿದ, ಯುಜಿ ಆದರೆ ಮುಂಗಡ ಕೊಡಿ, ಜಿಎಂಬಿಎಚ್ ಆದರೆ 30 ದಿನದ ಸಾಲ ಕೊಡುತ್ತೇನೆ ಅಂತ. ಉಳಿತಾಯ ಎಲ್ಲ ಬಳಿದು ಹಾಕಿದೆವು.

ನೋಟರಿ ಕಚೇರಿಯ ದಿನ ನನಗೆ ಇವತ್ತಿಗೂ ನೆನಪಿದೆ. ಇಲ್ಲಿನ ಕಾನೂನಿನಲ್ಲಿ ನೋಟರಿ ಕಂಪನಿಯ ಕರಾರನ್ನು ಗಟ್ಟಿಯಾಗಿ ಓದಿ ಹೇಳಲೇಬೇಕು. ಮೊದಲ ಪದದಿಂದ ಕೊನೆಯ ಪದದವರೆಗೆ. ಅವರು ಓದಲು ಶುರು ಮಾಡಿದರು ನೋಡಿ, ಉಸಿರು ತೆಗೆದುಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ, ಮದುವೆ ಮನೆಯಲ್ಲಿ ಮುಹೂರ್ತ ಮೀರುತ್ತಿದೆ ಅಂತ ಪುರೋಹಿತರು ಮಂತ್ರ ಓಡಿಸುತ್ತಾರಲ್ಲ, ಅದೇ ವೇಗ. ನನಗೆ ಅಂಗಡಿಯಲ್ಲಿ ಮಾತಾಡುವಷ್ಟು ಜರ್ಮನ್ ಬರುತ್ತಿತ್ತು, ಕಾನೂನಿನ ಜರ್ಮನ್ ಬರುತ್ತಿರಲಿಲ್ಲ. ಹಾಗಾಗಿ ಪಕ್ಕದಲ್ಲಿ ನಮ್ಮದೇ ಖರ್ಚಿನಲ್ಲಿ ಒಬ್ಬ ದುಭಾಷಿ. ಅವರು ಒಂದು ವಾಕ್ಯ ಹೇಳುವಷ್ಟರಲ್ಲಿ ನೋಟರಿ ಮೂರು ವಾಕ್ಯ ಮುಂದೆ. ಮಧ್ಯದಲ್ಲಿ ನಿಲ್ಲಿಸಿ ನನ್ನ ಹೆಸರಿನ ಇನಿಶಿಯಲ್ ಏನು, ಅದು ಮನೆತನದ ಹೆಸರೋ ಅಪ್ಪನ ಹೆಸರೋ ಅಂತ ಕೇಳಿದರು. ಅದನ್ನು ವಿವರಿಸಲು ಐದು ನಿಮಿಷ. ಪೆನ್ಸಿಲ್‌ನಲ್ಲಿ ಏನೋ ತಿದ್ದಿದರು, ಮತ್ತೆ ಓಟ. ಮುಕ್ಕಾಲು ಗಂಟೆ ಆದ ಮೇಲೆ ಸಹಿ. 2022ರ ಆಗಸ್ಟ್‌ನಿಂದ ಇದನ್ನು ವಿಡಿಯೋ ಕರೆಯಲ್ಲೂ ಮಾಡಬಹುದು, ಆದರೆ ಓದುವುದು ತಪ್ಪುವುದಿಲ್ಲ, ಸ್ಕ್ರೀನಿನಲ್ಲಿ ಓದುತ್ತಾರೆ ಅಷ್ಟೆ.

ಸಹಿ ಆದ ಮೇಲೆ ಬ್ಯಾಂಕ್. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಅನ್ನುವ ಗಾದೆಯನ್ನು ಯಾರೋ ಜರ್ಮನ್ ಬ್ಯಾಂಕ್ ನೋಡಿಯೇ ಹೇಳಿರಬೇಕು. ಕಂಪನಿಗಳ ಸರ್ಕಾರಿ ರಿಜಿಸ್ಟರ್‌ನಲ್ಲಿ ಹೆಸರು ಸೇರಬೇಕಾದರೆ ಬ್ಯಾಂಕಿನಲ್ಲಿ ಬಂಡವಾಳ ಇಟ್ಟ ಚೀಟಿ ಬೇಕು. ನಾವು ಹೋದ ಮೊದಲ ಬ್ಯಾಂಕ್ ರಿಜಿಸ್ಟರ್‌ನಲ್ಲಿ ಹೆಸರಿಲ್ಲದೆ ಖಾತೆ ಇಲ್ಲ ಅಂದಿತು. ಕಾನೂನಿನಲ್ಲಿ ಹಾಗಿಲ್ಲ, ಹುಟ್ಟುತ್ತಿರುವ ಕಂಪನಿ ಅಂತ ಹೆಸರಿನ ಪಕ್ಕ ಎರಡಕ್ಷರ ಸೇರಿಸಿ ಖಾತೆ ತೆರೆಯಬಹುದು, ಆದರೆ ಕೌಂಟರ್‌ನಲ್ಲಿ ಕೂತವರಿಗೆ ಅದನ್ನು ಯಾರು ಹೇಳುವುದು? ಎರಡನೇ ಬ್ಯಾಂಕ್ ಮೂರು ವಾರ ಉತ್ತರವನ್ನೇ ಕೊಡಲಿಲ್ಲ. ಮೂರನೆಯದು ಒಪ್ಪಿತು. ಆಮೇಲೆ ತೆರಿಗೆ ಕಚೇರಿಯ ಉದ್ದನೆಯ ಪ್ರಶ್ನಾವಳಿ, ಅದಾದ ಮೇಲೆ ತೆರಿಗೆ ನಂಬರ್‌ಗೆ ಕಾಯುವುದು. ನಂಬರ್ ಬರುವವರೆಗೆ ಸರಿಯಾದ ಬಿಲ್ ಹಾಕುವ ಹಾಗಿಲ್ಲ. ಸಹಿ ಹಾಕಿದ ದಿನದಿಂದ ಮೊದಲ ಬಿಲ್‌ವರೆಗೆ ನಮಗೆ ಹದಿಮೂರು ವಾರ ಹಿಡಿಯಿತು. ನಿಮ್ಮ ಪಟ್ಟಿಯಲ್ಲಿ ಜರ್ಮನಿ ಕೊನೆಗೆ ಇರುವುದಕ್ಕೆ ನನ್ನ ತಕರಾರಿಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ರಿಜಿಸ್ಟರ್‌ನಲ್ಲಿ ಹೆಸರು ಬಂದ ವಾರವೇ ಅಂಚೆಯಲ್ಲಿ ಲಕೋಟೆಗಳು ಬರಲು ಶುರುವಾದವು. ಹದ್ದಿನ ಚಿತ್ರ, ಬೂದು ಕಾಗದ, ಕೆಳಗೆ ಹಣ ಕಟ್ಟುವ ಚೀಟಿ, ನೋಂದಣಿ ಶುಲ್ಕ ಏಳುನೂರು ಚಿಲ್ಲರೆ ಯೂರೋ, ಇಷ್ಟು ದಿನದೊಳಗೆ ಕಟ್ಟಿ ಅಂತ. ನಾನು ಬ್ಯಾಂಕಿನ ಆ್ಯಪ್ ತೆರೆದು ಅಂಕಿ ಟೈಪ್ ಮಾಡಿಯೂ ಆಗಿತ್ತು. ಗೆಳತಿ ತಡೆದಳು. ಭೂತಗನ್ನಡಿ ಹಿಡಿದು ನೋಡಿದರೆ ತೀರಾ ಸಣ್ಣ ಅಕ್ಷರದಲ್ಲಿ ಇದು ಒಂದು ಖಾಸಗಿ ಪಟ್ಟಿಗೆ ಸೇರುವ ಆಹ್ವಾನ ಅಂತ ಇತ್ತು. ರಿಜಿಸ್ಟರ್ ಎಲ್ಲರಿಗೂ ತೆರೆದಿರುತ್ತದೆ, ಹೊಸ ಕಂಪನಿಗಳ ವಿಳಾಸ ನೋಡಿಕೊಂಡು ಇಂಥ ಲಕೋಟೆ ಕಳಿಸುವುದೇ ಕೆಲವರ ಕಸುಬು. ಅದಕ್ಕೆ ಮಾತ್ರ ಮೈಸ್ಟರ್ ಪರೀಕ್ಷೆ ಇಲ್ಲ. ಒಂದು ತಿಂಗಳಲ್ಲಿ ನಾಲ್ಕು ಬಂದವು. ನಿಮ್ಮ ಓದುಗರಲ್ಲಿ ಯಾರಾದರೂ ಇಲ್ಲಿ ಕಂಪನಿ ಮಾಡುವವರಿದ್ದರೆ, ಮೊದಲ ತಿಂಗಳು ಬಂದ ಯಾವ ಬಿಲ್ಲನ್ನೂ ನೋಟರಿಗೆ ತೋರಿಸದೆ ಕಟ್ಟಬೇಡಿ.

ಇಷ್ಟೆಲ್ಲ ಬೈದ ಮೇಲೆ ಜರ್ಮನಿಯನ್ನು ಯಾಕೆ ಬಿಡಲಿಲ್ಲ ಅಂತ ಕೇಳುತ್ತೀರಿ ಅಲ್ವಾ? ಇಲ್ಲಿನ ನಿಯಮ ಕಷ್ಟ, ಆದರೆ ನನಗೆ ಅದು ರಾತ್ರೋರಾತ್ರಿ ಬದಲಾಗಿಲ್ಲ. ಅದರ ಬೆಲೆ ತಿಳಿಯಲು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನ ಒಬ್ಬರ ವಿಷಯ ಹೇಳಬೇಕು.

ನಮ್ಮ ನೋಟ್‌ಬುಕ್‌ಗಳ ರಟ್ಟಿನ ಚಿತ್ರ ಬರೆದುಕೊಡುವ ಕಲಾವಿದೆ ಅಲ್ಲಿಯವರು. ಹಂಗೇರಿಯಲ್ಲಿ ಕಂಪನಿ ತೆರಿಗೆ 9 ಪರ್ಸೆಂಟ್, ಯುರೋಪಿಯನ್ ಒಕ್ಕೂಟದಲ್ಲೇ ಕಡಿಮೆ, ಇದನ್ನು ನೀವು ಬರೆದಿದ್ದೀರಿ. ವ್ಯಾಟ್ 27 ಪರ್ಸೆಂಟ್, ಒಕ್ಕೂಟದಲ್ಲೇ ಜಾಸ್ತಿ, ಇದನ್ನು ಬರೆದಿಲ್ಲ. ಆಕೆಯಂಥ ಒಬ್ಬಂಟಿ ದುಡಿಮೆಗಾರರಿಗೆ ಅಂತ 2013ರಲ್ಲಿ ಕಾಟಾ ಅನ್ನುವ ತೆರಿಗೆ ತಂದಿದ್ದರು. ತಿಂಗಳಿಗೆ 50,000 ಫೋರಿಂಟ್ ಕಟ್ಟಿದರೆ ಮುಗಿಯಿತು. ತೆರಿಗೆಯೂ ಅದರಲ್ಲೇ, ಪಿಂಚಣಿ ವಂತಿಗೆಯೂ ಅದರಲ್ಲೇ. ಲಕ್ಷಾಂತರ ಜನ ಅದನ್ನೇ ನಂಬಿ ನೌಕರಿ ಬಿಟ್ಟು ಸ್ವಂತ ಕೆಲಸಕ್ಕೆ ಇಳಿದರು. 2022ರ ಏಪ್ರಿಲ್‌ನಲ್ಲಿ ಚುನಾವಣೆ ಆಯಿತು, ಆಗಿನ ಪ್ರಧಾನಿ ಓರ್ಬಾನ್ ಮತ್ತೆ ಗೆದ್ದರು. ಜುಲೈ 12ಕ್ಕೆ ಪಾರ್ಲಿಮೆಂಟ್ ಹೊಸ ಕಾನೂನು ಪಾಸ್ ಮಾಡಿತು, ಸೆಪ್ಟೆಂಬರ್ 1ಕ್ಕೆ ಜಾರಿ. ಕಂಪನಿಗಳಿಗೆ ಬಿಲ್ ಹಾಕುವವರಿಗೆ ಕಾಟಾ ಇಲ್ಲ, ಜನಸಾಮಾನ್ಯರಿಗೆ ಬಿಲ್ ಹಾಕುವವರಿಗೆ ಮಾತ್ರ. ಜನ ಬುಡಾಪೆಸ್ಟ್‌ನ ಸೇತುವೆಗಳ ಮೇಲೆ ನಿಂತು ರಸ್ತೆ ತಡೆದರು, ಏನೂ ಆಗಲಿಲ್ಲ. ಏಳು ವಾರದಲ್ಲಿ ಆಕೆಯ ಲೆಕ್ಕಾಚಾರ ತಲೆಕೆಳಗಾಯಿತು. ಆ ಆಗಸ್ಟ್‌ನಲ್ಲಿ ಆಕೆ ನಮಗೆ ಫೋನ್ ಮಾಡಿ, ಮುಂದಿನ ತಿಂಗಳಿಂದ ಒಂದು ಚಿತ್ರಕ್ಕೆ ಎಷ್ಟು ಕೇಳಬೇಕೋ ನನಗೇ ಗೊತ್ತಾಗುತ್ತಿಲ್ಲ ಅಂದರು. ಒಂಬತ್ತು ಪರ್ಸೆಂಟ್ ತೆಗೆದುಕೊಂಡು ಆಕೆ ಏನು ಮಾಡಬೇಕು?

ಪೋಲೆಂಡಿನದೂ ಅಂಥದ್ದೇ, ಸ್ವಲ್ಪ ಹಾಸ್ಯ ಜಾಸ್ತಿ. ನನ್ನ ಪಾಲುದಾರಳ ಅಣ್ಣ ವ್ರೊಟ್ಸ್‌ವಾಫ್‌ನಲ್ಲಿ ಒಬ್ಬನೇ ಒಂದು ಸೈಕಲ್ ರಿಪೇರಿ ಅಂಗಡಿ ನಡೆಸುತ್ತಾನೆ. ಶುರು ಮಾಡುವುದು ಅಲ್ಲಿ ನಿಜಕ್ಕೂ ಸಲೀಸು, ಆನ್‌ಲೈನ್‌ನಲ್ಲಿ ಪುಕ್ಕಟೆ ನೋಂದಣಿ, ಮೊದಲ ಆರು ತಿಂಗಳು ಸಾಮಾಜಿಕ ವಿಮೆಯ ಕಂತು ಇಲ್ಲ, ಮುಂದಿನ ಎರಡು ವರ್ಷ ಕಡಿಮೆ ಕಂತು. ಒಳ್ಳೆಯ ವ್ಯವಸ್ಥೆ. ಆದರೆ 2022ರ ಜನವರಿಗೆ ಅಲ್ಲಿನ ಸರ್ಕಾರ ಪೋಲಿಷ್ ಡೀಲ್ ಅಂತ ತೆರಿಗೆಯ ನಿಯಮಗಳನ್ನೆಲ್ಲ ಒಟ್ಟಿಗೆ ಬದಲಿಸಿತು. ಅಕೌಂಟೆಂಟ್‌ಗಳಿಗೇ ಅರ್ಥವಾಗಲಿಲ್ಲ. ಗೊಂದಲ ಎಷ್ಟಾಯಿತು ಅಂದರೆ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಕೊಶ್ಚಿನ್‌ಸ್ಕಿ ರಾಜೀನಾಮೆ ಕೊಟ್ಟರು, ಜುಲೈಗೆ ಮತ್ತೆ ನಿಯಮ ಬದಲಿಸಿದರು. ಒಂದೇ ವರ್ಷದೊಳಗೆ ಎರಡು ತೆರಿಗೆ ಪದ್ಧತಿ. ಅಣ್ಣ ಆ ವರ್ಷ ಸೈಕಲ್ ರಿಪೇರಿ ಮಾಡಿದ್ದಕ್ಕಿಂತ ಫಾರ್ಮ್ ರಿಪೇರಿ ಮಾಡಿದ್ದೇ ಜಾಸ್ತಿ ಅಂತ ತಂಗಿ ಈಗಲೂ ಕಾಡಿಸುತ್ತಾಳೆ.

ಗ್ರೀಸ್‌ನ 2015ರ ಸಾಲದ ಬಿಕ್ಕಟ್ಟಿನ ಬೇಸಿಗೆ ನೆನಪಿದೆಯಾ? ಜೂನ್ ಕೊನೆಗೆ ಬ್ಯಾಂಕುಗಳು ಮೂರು ವಾರ ಬಾಗಿಲು ಹಾಕಿದವು, ಎಟಿಎಂನಲ್ಲಿ ದಿನಕ್ಕೆ 60 ಯೂರೋ. ಹೊರದೇಶದಿಂದ ಸಾಮಾನು ತರಿಸುವ ಅಂಗಡಿಯವರು ಹಣ ಕಳಿಸಲು ಅನುಮತಿಗೆ ಸಾಲು ನಿಂತರು. ಆ ನಿರ್ಬಂಧಗಳು ಪೂರ್ತಿ ತೆಗೆದಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಗ್ರೀಸ್‌ನಲ್ಲಿ ತೆರಿಗೆ ಎಷ್ಟು ಅನ್ನುವ ಪ್ರಶ್ನೆ ಆ ನಾಲ್ಕು ವರ್ಷ ಯಾರಿಗೂ ಮೊದಲ ಪ್ರಶ್ನೆ ಆಗಿರಲಿಲ್ಲ.

ಬ್ರಿಟನ್ ಬಗ್ಗೆ ನೀವು ಬರೆದದ್ದು ಹಳೆಯ ಕತೆ. ಅಲ್ಲಿ ಕಂಪನಿ ತೆರೆಯಲು 12 ಪೌಂಡ್ ಸಾಕಾಗಿದ್ದ ಕಾಲ 2024ರ ಮೇ ತಿಂಗಳಿಗೆ ಮುಗಿಯಿತು, 50 ಪೌಂಡ್ ಮಾಡಿದರು. ಅಷ್ಟು ಸುಲಭ ಇದ್ದದ್ದರಿಂದಲೇ ಯಾರದೋ ಮನೆ ವಿಳಾಸ ಹಾಕಿ ಯಾರೋ ಸುಳ್ಳು ಕಂಪನಿಗಳನ್ನು ಸಾಲುಸಾಲಾಗಿ ತೆರೆದರು, ಅದಕ್ಕೇ 2023ರಲ್ಲಿ ಕಾನೂನು ಬಿಗಿ ಮಾಡಿ, 2025ರ ನವೆಂಬರ್‌ನಿಂದ ನಿರ್ದೇಶಕರ ಗುರುತು ಪರೀಕ್ಷೆ ಕಡ್ಡಾಯ ಮಾಡಿದ್ದಾರೆ. ಅದಕ್ಕಿಂತ ದೊಡ್ಡದು ಬ್ರೆಕ್ಸಿಟ್, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿದ್ದು. 2020ರ ಡಿಸೆಂಬರ್ 31ರವರೆಗೆ ನಾನು ಲಂಡನ್‌ಗೆ ನೋಟ್‌ಬುಕ್ ಕಳಿಸುವುದಕ್ಕೂ ಬರ್ಲಿನ್‌ಗೆ ಕಳಿಸುವುದಕ್ಕೂ ಅಂಚೆ ಚೀಟಿಯ ಬೆಲೆ ಬಿಟ್ಟರೆ ವ್ಯತ್ಯಾಸ ಇರಲಿಲ್ಲ. ಮರುದಿನದಿಂದ ಕಸ್ಟಮ್ಸ್ ಫಾರ್ಮ್. 135 ಪೌಂಡ್‌ಗಿಂತ ಕಡಿಮೆ ಬೆಲೆಯ ಸಾಮಾನನ್ನು ಅಲ್ಲಿನ ಗಿರಾಕಿಗೆ ನೇರವಾಗಿ ಮಾರಿದರೆ, ಮಾರುವವರೇ ಬ್ರಿಟನ್‌ನ ವ್ಯಾಟ್‌ಗೆ ನೋಂದಣಿ ಮಾಡಿಕೊಳ್ಳಬೇಕು. ಒಂದು ನೋಟ್‌ಬುಕ್ ಮಾರಿದರೂ ಅಷ್ಟೆ. ನಾವು ವೆಬ್‌ಸೈಟ್‌ನಲ್ಲಿ ಆ ದೇಶದ ಹೆಸರನ್ನೇ ತೆಗೆದುಹಾಕಿದೆವು. ಹದಿನೆಂಟು ಕಾಯಂ ಗಿರಾಕಿಗಳಿದ್ದರು ಅಲ್ಲಿ. ಒಬ್ಬ ಅಜ್ಜಿ ಪ್ರತಿ ವರ್ಷ ಡೈರಿ ತರಿಸುತ್ತಿದ್ದರು, ಅವರಿಗೆ ಹೇಗೆ ತಿಳಿಸಬೇಕೋ ಗೊತ್ತಾಗದೆ ಕೊನೆಗೆ ಒಂದು ಡೈರಿ ಉಡುಗೊರೆ ಅಂತ ಕಳಿಸಿಬಿಟ್ಟೆ.

ಒಕ್ಕೂಟದ ಒಳಗೆ 27 ದೇಶ ಒಂದೇ ಮಾರುಕಟ್ಟೆ ಅಂತ ಲೇಖನದಲ್ಲಿ ಎರಡು ಸಲ ಬರೆದಿದ್ದೀರಿ. ಅರ್ಧ ನಿಜ. ವ್ಯಾಟ್ ವಿಷಯದಲ್ಲಿ ನಿಜ, 2021ರ ಜುಲೈಯಿಂದ ಎಲ್ಲ ದೇಶದ ಲೆಕ್ಕವನ್ನೂ ಮೂರು ತಿಂಗಳಿಗೊಮ್ಮೆ ಒಂದೇ ಕಡೆ ಕೊಡಬಹುದು, ತುಂಬಾ ಚೆನ್ನಾಗಿ ನಡೆಯುತ್ತದೆ, ಹೊಗಳಲೇಬೇಕು. ಆದರೆ ನೋಟ್‌ಬುಕ್ ಸುತ್ತಿದ ರಟ್ಟಿನ ಡಬ್ಬಿ ಇದೆಯಲ್ಲ, ಅದಕ್ಕೆ ಒಂದು ಮಾರುಕಟ್ಟೆ ಇಲ್ಲ. ಪ್ಯಾಕಿಂಗ್ ಕಸದ ಲೆಕ್ಕ ಪ್ರತಿ ದೇಶಕ್ಕೂ ಬೇರೆ. ಜರ್ಮನಿಗೆ ಒಂದು ನೋಂದಣಿ, ಫ್ರಾನ್ಸ್‌ಗೆ ಇನ್ನೊಂದು. ಆಸ್ಟ್ರಿಯಾ 2023ರ ಜನವರಿಯಿಂದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಶಾಖೆ ಇಲ್ಲದವರು ಅಲ್ಲಿನವರೊಬ್ಬರನ್ನು ಅಧಿಕೃತ ಪ್ರತಿನಿಧಿ ಅಂತ ನೇಮಿಸಬೇಕು, ಆ ಅಧಿಕಾರ ಪತ್ರಕ್ಕೆ ನೋಟರಿಯ ಮುದ್ರೆ ಬೇಕು. ಹಿಂದಿನ ವರ್ಷ ನಾವು ವಿಯೆನ್ನಾಗೆ ಕಳಿಸಿದ್ದು ಹನ್ನೊಂದು ಡಬ್ಬಿ. ಹನ್ನೊಂದು ಖಾಲಿ ಡಬ್ಬಿಗೆ ಒಬ್ಬ ರಾಯಭಾರಿ! ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 2024ರಲ್ಲಿ ಲೆಕ್ಕ ಹಾಕಿ, ಒಕ್ಕೂಟದ ಒಳಗಿನ ಇಂಥ ಅಡ್ಡಿಗಳನ್ನು ಸುಂಕಕ್ಕೆ ಹೋಲಿಸಿದರೆ ಸರಕಿನ ಮೇಲೆ ಸುಮಾರು 44 ಪರ್ಸೆಂಟ್, ಸೇವೆಗಳ ಮೇಲೆ 110 ಪರ್ಸೆಂಟ್ ಸುಂಕ ಹಾಕಿದ ಹಾಗೆ ಅಂತ ಹೇಳಿತು. ಆ ಅಂಕಿ ಓದಿದಾಗ ನನಗೆ ಆ ಹನ್ನೊಂದು ಡಬ್ಬಿಗಳೇ ಕಣ್ಣ ಮುಂದೆ ಬಂದವು. ಅದೇ ವರ್ಷ ಏಪ್ರಿಲ್‌ನಲ್ಲಿ ಲೆಟ್ಟಾ, ಸೆಪ್ಟೆಂಬರ್‌ನಲ್ಲಿ ದ್ರಾಗಿ, ಇಟಲಿಯ ಇಬ್ಬರು ಮಾಜಿ ಪ್ರಧಾನಿಗಳು ವರದಿ ಕೊಟ್ಟು, ಕಂಪನಿಗಳಿಗೆ 27 ದೇಶದ ಕಾನೂನಿನ ಪಕ್ಕದಲ್ಲಿ 28ನೆಯದಾಗಿ ಒಂದು ಯುರೋಪಿನ ಕಾನೂನು ಇರಲಿ ಅಂದರು. ಬಂದರೆ ಒಳ್ಳೆಯದೇ. ಆದರೆ ತೆರಿಗೆ, ವಿಮೆ, ಡಬ್ಬಿ ಇವೆಲ್ಲ ದೇಶದ ಕೈಯಲ್ಲೇ ಉಳಿದರೆ 28ನೆಯದು ಬಂದು ಏನು ಮಾಡುತ್ತದೋ ಕಾಣೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಎಷ್ಟೋ ಹೊಸ ವ್ಯಾಪಾರಗಳಲ್ಲಿ ಮೊದಲ ಎರಡು ವರ್ಷ ಲಾಭವೇ ಇರುವುದಿಲ್ಲ. ಲಾಭ ಇಲ್ಲದಿದ್ದರೆ ತೆರಿಗೆ 9 ಆದರೇನು 30 ಆದರೇನು? ಸೊನ್ನೆಯ ಒಂಬತ್ತು ಪರ್ಸೆಂಟೂ ಸೊನ್ನೆಯೇ. ಆಗ ಕೇಳಬೇಕಾದ ಪ್ರಶ್ನೆ, ಒಂದು ರೂಪಾಯಿ ಆದಾಯ ಬಾರದ ತಿಂಗಳಲ್ಲೂ ಸರ್ಕಾರಕ್ಕೆ ಎಷ್ಟು ಕಟ್ಟಬೇಕು ಅನ್ನುವುದು. ಇದರಲ್ಲಿ ದೇಶದಿಂದ ದೇಶಕ್ಕೆ ಇರುವ ವ್ಯತ್ಯಾಸ ನೋಡಿದರೆ ನಿಮ್ಮ ಪಟ್ಟಿ ಪೂರ್ತಿ ಅದಲುಬದಲು ಆಗುತ್ತದೆ. ಫ್ರಾನ್ಸ್‌ನಲ್ಲಿ 2009ರಿಂದ ಇರುವ ಸಣ್ಣ ಉದ್ಯಮಿಯ ಪದ್ಧತಿಯಲ್ಲಿ ಪಿಂಚಣಿ, ವಿಮೆಯ ವಂತಿಗೆ ಬಂದ ಹಣದ ಇಷ್ಟು ಪರ್ಸೆಂಟ್ ಅಂತ ಇದೆ, ಏನೂ ಬರದಿದ್ದರೆ ವಂತಿಗೆಯೂ ಇಲ್ಲ. ದುಬಾರಿ ದೇಶ ಅಂತ ನೀವು ಕೆಂಪು ಬಣ್ಣ ಬಳಿದ ಫ್ರಾನ್ಸ್! ಹಾಗಂತ ಅಲ್ಲೂ ಒಂದು ಕೊಕ್ಕೆ ಇದೆ. ಲೆಕ್ಕ ಒಟ್ಟು ವಹಿವಾಟಿನ ಮೇಲೆ, ಕಾಗದ ದಾರಕ್ಕೆ ಮಾಡಿದ ಖರ್ಚು ಕಳೆಯುವ ಹಾಗಿಲ್ಲ. ನನ್ನಂಥ ಸಾಮಾನು ಮಾಡುವವಳಿಗಿಂತ ಅನುವಾದ, ಪಾಠ ಹೇಳುವಂಥ ಕೆಲಸದವರಿಗೆ ಅದು ಹೊಂದುತ್ತದೆ. ಸ್ಪೇನ್‌ನಲ್ಲಿ ಈ ವಂತಿಗೆ ಮೊದಲ ವರ್ಷ ತಿಂಗಳಿಗೆ ಸುಮಾರು 80 ಯೂರೋ, ಗಳಿಕೆ ತೀರಾ ಕಮ್ಮಿ ಇದ್ದರೆ ಕೇಳಿಕೊಂಡು ಇನ್ನೊಂದು ವರ್ಷ ಅಷ್ಟೇ, ಆಮೇಲೆ ಕನಿಷ್ಠ ಸುಮಾರು 200. ಇಟಲಿಯಲ್ಲಿ ಸಣ್ಣವರಿಗೆ ಮೊದಲ ಐದು ವರ್ಷ ತೆರಿಗೆ 5 ಪರ್ಸೆಂಟ್ ಅಂತ ಕೇಳಿ ಬಾಯಲ್ಲಿ ನೀರೂರುತ್ತದೆ, ಆದರೆ ಅಂಗಡಿ ಅಥವಾ ಕೈಕಸುಬು ಆದರೆ ಪಿಂಚಣಿಗೆ ವರ್ಷಕ್ಕೆ 4000 ಯೂರೋಗಿಂತ ಜಾಸ್ತಿ ಕನಿಷ್ಠ ಕಂತು, ರಿಯಾಯಿತಿ ಕೇಳಿದರೆ ಸ್ವಲ್ಪ ಇಳಿಯುತ್ತದೆ. ಜರ್ಮನಿಯಲ್ಲಿ ನಾನು ಒಬ್ಬಳೇ ಇದ್ದಾಗ ಏನೂ ಮಾರಾಟ ಆಗದ ತಿಂಗಳೂ ಆರೋಗ್ಯ ವಿಮೆ ಕಟ್ಟಲೇಬೇಕಿತ್ತು, ಈಗ ಶುರು ಮಾಡುವವರಿಗೆ ಅದರ ಕನಿಷ್ಠ ಕಂತೇ ತಿಂಗಳಿಗೆ 200 ಯೂರೋ ದಾಟುತ್ತದೆ.

ಅದರ ಜೊತೆಗೆ ಇನ್ನೊಂದು, ಹಳೆಯ ಕೆಲಸ ಬಿಟ್ಟು ಬರುವವರಿಗೆ ಕೆಳಗೆ ಬಲೆ ಇದೆಯಾ ಅನ್ನುವುದು. ನಿಮ್ಮ ಪಟ್ಟಿಯಲ್ಲಿ ಸ್ವೀಡನ್ ಹೆಸರೇ ಇಲ್ಲ. ಅಲ್ಲಿ 1998ರಿಂದ ಒಂದು ಕಾನೂನಿದೆ. ಆರು ತಿಂಗಳು ಕೆಲಸ ಮಾಡಿದ ಯಾವ ನೌಕರನೂ ಸ್ವಂತ ವ್ಯಾಪಾರ ಶುರು ಮಾಡಿ ನೋಡುವುದಕ್ಕೆ ಅಂತ ಆರು ತಿಂಗಳವರೆಗೆ ಸಂಬಳವಿಲ್ಲದ ರಜೆ ಕೇಳಬಹುದು. ಮಾಲೀಕನಿಗೆ ಪೈಪೋಟಿ ಕೊಡುವ ವ್ಯಾಪಾರ ಆಗಿರಬಾರದು, ಅವನ ಕೆಲಸಕ್ಕೆ ದೊಡ್ಡ ತೊಂದರೆ ಆಗಬಾರದು, ಅಷ್ಟೆ. ನಡೆಯಲಿಲ್ಲವಾ, ವಾಪಸ್ ಬಂದು ಹಳೆಯ ಕುರ್ಚಿಯಲ್ಲಿ ಕೂರಬಹುದು. ನನಗೆ ಯುರೋಪಿನ ಎಲ್ಲ ಕಂಪನಿ ಕಾನೂನುಗಳಲ್ಲಿ ಅತಿ ಇಷ್ಟವಾದದ್ದು ಇದೇ, ಅದು ಕಂಪನಿ ಕಾನೂನೇ ಅಲ್ಲ ಅನ್ನುವುದು ಬೇರೆ ಮಾತು. ಜರ್ಮನಿಯಲ್ಲಿ ಕೆಲಸ ಕಳೆದುಕೊಂಡವರು ಸ್ವಂತ ಕೆಲಸ ಶುರು ಮಾಡಿದರೆ, ಕಚೇರಿಯವರು ಒಪ್ಪಿದರೆ, ಆರು ತಿಂಗಳು ನಿರುದ್ಯೋಗ ಭತ್ಯೆಯ ಜೊತೆಗೆ ತಿಂಗಳಿಗೆ 300 ಯೂರೋ ಸಿಗುತ್ತದೆ. ಒಪ್ಪಿದರೆ ಅನ್ನುವ ಪದವನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ.

ಐರ್ಲೆಂಡ್‌ನ 12.5 ಪರ್ಸೆಂಟ್ ಕಂಪನಿ ತೆರಿಗೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಿರ್ದೇಶಕರಲ್ಲಿ ಒಬ್ಬರಾದರೂ ಯುರೋಪಿನ ಆರ್ಥಿಕ ವಲಯದಲ್ಲಿ ವಾಸ ಇರಬೇಕು, ಇಲ್ಲದಿದ್ದರೆ 25,000 ಯೂರೋದ ಬಾಂಡ್ ಕೊಡಬೇಕು ಅಂತಲೂ ಒಂದು ಸಾಲು ಸೇರಿಸಿ. ಹೊರಗಿನಿಂದ ಬರುವವರಿಗೆ ತೆರಿಗೆಗಿಂತ ಮೊದಲು ಎದುರಾಗುವುದು ಅದು.

ಮುಚ್ಚುವ ವಿಷಯವನ್ನಂತೂ ಯಾರೂ ಬರೆಯುವುದಿಲ್ಲ, ಅಪಶಕುನ ಅಂತಲೋ ಏನೋ. ಹೋದ ವರ್ಷ ನಮ್ಮ ಬೀದಿಯಲ್ಲಿ ಚರ್ಮದ ಚೀಲ ಮಾಡುತ್ತಿದ್ದ ದಂಪತಿ ತಮ್ಮ ಜಿಎಂಬಿಎಚ್ ಮುಚ್ಚಲು ಹೊರಟರು. ಸಾಲ ಇಲ್ಲ, ಜಗಳ ಇಲ್ಲ, ವಯಸ್ಸಾಯಿತು ಅಷ್ಟೆ. ನೋಟರಿ ಹತ್ತಿರ ಹೋಗಿ, ಯಾರಿಗಾದರೂ ನಮ್ಮಿಂದ ಹಣ ಬರಬೇಕಿದ್ದರೆ ಬನ್ನಿ ಅಂತ ಪ್ರಕಟಣೆ ಕೊಟ್ಟು, ಅಲ್ಲಿಂದ ಒಂದು ವರ್ಷ ಕಾಯಬೇಕು. ಆ ವರ್ಷ ಕಂಪನಿಯ ಹಣ ಹಂಚಿಕೊಳ್ಳುವ ಹಾಗಿಲ್ಲ, ಲೆಕ್ಕಪತ್ರ ಕೊಡುವುದು ತಪ್ಪುವುದಿಲ್ಲ. ಅಂಗಡಿ ಖಾಲಿ, ಬಾಗಿಲಿಗೆ ಬೀಗ, ಅಕೌಂಟೆಂಟ್ ಬಿಲ್ ಮಾತ್ರ ಬರುತ್ತಲೇ ಇದೆ. ಅವರು ಮೊನ್ನೆ ಸಿಕ್ಕಾಗ, ತೆರೆಯಲು ಹದಿಮೂರು ವಾರ ಅಂತ ಬೈಯುತ್ತಿದ್ದೆಯಲ್ಲ, ಸಂತೋಷವಾಗಿ ಬೈಯುತ್ತಿರು ಅಂದರು.

ಹಾಗಾದರೆ ಯಾವ ದೇಶ ಒಳ್ಳೆಯದು ಅಂತ ನನ್ನನ್ನು ಕೇಳಿದರೆ, ನೀವು ಈಗಾಗಲೇ ಎಲ್ಲಿ ಮನೆ ಮಾಡಿದ್ದೀರೋ, ಎಲ್ಲಿನ ಭಾಷೆ ಅರ್ಧವಾದರೂ ಬರುತ್ತದೋ ಆ ದೇಶ ಅನ್ನುತ್ತೇನೆ. ನೋಟರಿ ಓದುವಾಗ ಮಧ್ಯದಲ್ಲಿ ಕೈ ಎತ್ತಿ, ಸ್ವಾಮಿ ಆ ವಾಕ್ಯ ಮತ್ತೊಮ್ಮೆ ಓದಿ ಅಂತ ಹೇಳುವಷ್ಟು ಭಾಷೆ. ನನಗೆ ಅವತ್ತು ಅಷ್ಟು ಇರಲಿಲ್ಲ, ಆರನೇ ಪುಟದಲ್ಲಿ ಏನೋ ಇತ್ತು, ಅದರ ಬೆಲೆ ನಮಗೆ ಗೊತ್ತಾಗಿದ್ದು ಎರಡು ವರ್ಷದ ನಂತರ. ಅದು ಇನ್ನೊಂದು ಪತ್ರಕ್ಕೆ.

ಒಂದು ಕೋರಿಕೆ. ಇ-ರೆಸಿಡೆನ್ಸಿ ವೀಸಾ ಅಲ್ಲ ಅನ್ನುವ ಒಂದು ಸಾಲಿನ ತಿದ್ದುಪಡಿಯನ್ನಾದರೂ ಮುಂದಿನ ಭಾನುವಾರ ಹಾಕಿ. ನಿಮ್ಮ ಲೇಖನ ಓದಿ ನನ್ನ ಗಂಡನ ಚಿಕ್ಕಪ್ಪನ ಮಗ ಫೋನ್ ಮಾಡಿ, ಅತ್ತಿಗೆ, ಕಾರ್ಡ್ ಬಂದ ತಕ್ಷಣ ಟಿಕೆಟ್ ಬುಕ್ ಮಾಡಲಾ ಅಂತ ಕೇಳಿದ. ಅವನನ್ನು ತಡೆದಿದ್ದೇನೆ. ಉಳಿದವರ ಫೋನ್ ನಂಬರ್ ನನ್ನ ಹತ್ತಿರ ಇಲ್ಲ.

ನಾಳೆ ಹತ್ತನೇ ತಾರೀಖು, ತಿಂಗಳ ವ್ಯಾಟ್ ಲೆಕ್ಕ ಕಳಿಸುವ ಕೊನೆಯ ದಿನ. ಇನ್ನೂ ರಸೀದಿಗಳನ್ನು ಜೋಡಿಸಿಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗಾರ್ತಿ
ಲೈಪ್‌ಜಿಗ್, ಜರ್ಮನಿ